ಡಯಾಲಿಸಿಸ್ ದಿನಚರಿಯಲ್ಲಿ ದೇವರಿಗೆ ಕೃತಜ್ಞತೆ: ನನ್ನ ಅನುಭವ

ಕಾಯಿಲೆ ಬಂತೆಂದು ನಾನು ದೇವರಿಗೆ ಕೃತಜ್ಞತೆ ಹೇಳುವುದಿಲ್ಲ. ‘ಎಲ್ಲ ಒಳ್ಳೆಯದಕ್ಕೇ’ ಎಂದು ಬಲವಂತವಾಗಿ ಹೇಳಿಸಿಕೊಂಡ ಮನಸ್ಸು ಬೇಗ ದಣಿಯುತ್ತದೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ನಡೆಯುವ ಬದುಕಿನಲ್ಲಿ ಇವತ್ತು ದಕ್ಕಿದ್ದು ಯಾವುದೋ, ಅದಕ್ಕಷ್ಟೇ ಕೈಮುಗಿಯುತ್ತೇನೆ. ಹೇಗಿದ್ದರೂ ಮಾಡಲೇಬೇಕಾದ ಆರೈಕೆಯ ಕೆಲಸಗಳಿಗೇ ಪ್ರಾರ್ಥನೆಯನ್ನು ಜೋಡಿಸಿಕೊಂಡರೆ ಅದು ತಪ್ಪುವುದಿಲ್ಲ.

ಬೆಳಗ್ಗೆ ಏಳುವ ಮೊದಲು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲೆಂದು ಶಸ್ತ್ರಚಿಕಿತ್ಸೆಯಲ್ಲಿ ಕೈಯ ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿದ ಜಾಗ) ಮೇಲೆ ಇನ್ನೊಂದು ಕೈಯ ಬೆರಳನ್ನು ಹಗುರವಾಗಿ ಇಡುತ್ತೇನೆ. ಒಳಗೆ ಝುಂ ಎನ್ನುವ ಕಂಪನ ಸಿಗಬೇಕು. ಸಿಕ್ಕ ಕೂಡಲೇ ಮನೆದೇವರ ಹೆಸರು, ‘ಇವತ್ತೂ ಹರಿಯುತ್ತಿದೆ ತಂದೆ’ ಎಂಬ ಒಂದು ಮಾತು. ಅದೇ ಮೊದಲ ನಮಸ್ಕಾರ. ಕಂಪನ ಸಿಗದಿದ್ದರೆ, ತೀರಾ ಕ್ಷೀಣವಾಗಿದ್ದರೆ, ಪ್ರಾರ್ಥನೆ ಆಮೇಲೆ. ಮೊದಲು ಡಯಾಲಿಸಿಸ್ ಘಟಕಕ್ಕೆ ಫೋನ್. ರಕ್ತ ಹೆಪ್ಪುಗಟ್ಟಿದ್ದರೆ ತಡವಾದಷ್ಟೂ ಫಿಸ್ಟುಲಾ ಉಳಿಸುವುದು ಕಷ್ಟ. ಆ ಕೈಗೆ ಕಂಕಣ, ರಕ್ಷೆಯ ದಾರ, ಬಿಗಿ ಬಳೆ ಬೇಡ. ಎಡಗೈ ಬಲಗೈ ಶಾಸ್ತ್ರ ನೋಡದೆ ಇನ್ನೊಂದು ಕೈ ಚಾಚಿ, ಪುರೋಹಿತರಿಗೆ ಹೇಳಿದರೆ ಒಪ್ಪುತ್ತಾರೆ.

ದೇವರ ಕೋಣೆಯಲ್ಲಿ ಎಚ್ಚರ ಬೇಕಾದದ್ದು ತೀರ್ಥ ಪ್ರಸಾದದಲ್ಲಿ. ನಿಮ್ಮ ಮನೆಯ ಉದ್ಧರಣೆಗೆ ಎಷ್ಟು ನೀರು ಹಿಡಿಯುತ್ತದೆಂದು ಸಿರಿಂಜ್‌ನಿಂದ ಒಮ್ಮೆ ಅಳೆದಿಟ್ಟುಕೊಳ್ಳಿ. 5 ಮಿ.ಲೀ. ಹಿಡಿದರೆ ಮೂರು ಸಲಕ್ಕೆ 15 ಮಿ.ಲೀ.; ಅದು ವೈದ್ಯರು ಮಿತಿ ಹಾಕಿದ ದಿನದ ನೀರಿನ ಲೆಕ್ಕಕ್ಕೆ ಸೇರಬೇಕು. ಎಳನೀರು, ಬಾಳೆಹಣ್ಣು, ಒಣದ್ರಾಕ್ಷಿಯಲ್ಲಿ ಪೊಟ್ಯಾಶಿಯಂ ಹೆಚ್ಚು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅಂಥ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡುತ್ತೇನೆ, ಅದರಿಂದ ಭಕ್ತಿಗೇನೂ ಕುಂದಿಲ್ಲ. ಸಕ್ಕರೆ ಕಾಯಿಲೆ ಇಲ್ಲದವರು ನೈವೇದ್ಯಕ್ಕೆ ಕಲ್ಲುಸಕ್ಕರೆ ಇಟ್ಟರೆ ಸಾಕು. ಏಕಾದಶಿ ಉಪವಾಸವನ್ನು ವೈದ್ಯರನ್ನು ಕೇಳದೆ ಹಿಡಿಯಬೇಡಿ. ಊಟದ ಜೊತೆಗೇ ನುಂಗಬೇಕಾದ ಮಾತ್ರೆಗಳಿರುತ್ತವೆ. ಡಯಾಲಿಸಿಸ್ ಆದ ದಿನ ಸಾಷ್ಟಾಂಗವೂ ಬೇಡ: ಬಗ್ಗಿ ಎದ್ದಾಗ ಬಿಪಿ ಇಳಿದು ತಲೆ ತಿರುಗುತ್ತದೆ. ಕುರ್ಚಿಯಲ್ಲಿ ಕುಳಿತೇ ಕೈಮುಗಿಯಿರಿ.

ಯಂತ್ರದ ಪಕ್ಕದ ನಾಲ್ಕು ಗಂಟೆಗಳೇ ನನಗೆ ಹೆಚ್ಚು ಬೆಲೆಯ ಹೊತ್ತು. ಜಪಕ್ಕೆ ಮೊದಲ ಗಂಟೆ ಒಳ್ಳೆಯದು, ಆಗ ಮೈಯಲ್ಲಿ ಇನ್ನೂ ಕಸುವಿರುತ್ತದೆ. ಮಾಲೆ ಸೂಜಿಯಿಲ್ಲದ ಕೈಯಲ್ಲಿರಲಿ. ಆಮೇಲೆ ಕಣ್ಣು ಮುಚ್ಚಿ, ಇವತ್ತಿನ ಈ ಸರದಿಗೆ ಯಾರ್‍ಯಾರ ಕೈ ಸೇರಿದೆಯೆಂದು ಒಬ್ಬೊಬ್ಬರನ್ನೇ ನೆನೆಯುತ್ತೇನೆ: ಸೂಜಿ ಹಾಕಿದ ಟೆಕ್ನಿಷಿಯನ್, ಹೊರಗೆ ಬೆಂಚಿನಲ್ಲಿ ಕಾಯುವ ಮನೆಯವರು, ನೆಲ ಒರೆಸಿದ ಆಯಮ್ಮ. ನೀರನ್ನೂ ನೆನೆಯುತ್ತೇನೆ. ಯಂತ್ರದಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 500 ಮಿ.ಲೀ. ದ್ರಾವಣ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್, ಅಷ್ಟೂ ಶುದ್ಧೀಕರಿಸಿದ ನೀರಿನಿಂದ ಆದದ್ದು. ಒಬ್ಬ ಮನುಷ್ಯನ ರಕ್ತ ತೊಳೆಯಲು ಇಷ್ಟು ನೀರು! ಗಂಗೆ ಗೋದಾವರಿಯರನ್ನು ಕರೆಯುವ ಶ್ಲೋಕ ಅಲ್ಲಿ ತಾನಾಗಿ ಬಾಯಿಗೆ ಬರುತ್ತದೆ. ಕೊನೆಯ ಗಂಟೆಗೆ ಏನನ್ನೂ ಇಟ್ಟುಕೊಳ್ಳಬೇಡಿ. ಮೀನಖಂಡ ಹಿಡಿದುಕೊಳ್ಳುವುದು, ಬಿಪಿ ಇಳಿಯುವುದು ಹೆಚ್ಚಾಗಿ ಆಗಲೇ. ಆಕಳಿಕೆ ಬಂದರೆ, ಬೆವರಿದರೆ, ಕಣ್ಣು ಮಂಜಾದರೆ ತಕ್ಷಣ ಕೂಗಿ. ದೇವರ ಮೇಲೆ ಭಾರ ಹಾಕಿ ಸಹಿಸಿಕೊಂಡಿರುವುದು ಭಕ್ತಿಯಲ್ಲ, ಅಪಾಯ.

ರಾತ್ರಿ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು. ಎಡಕ್ಕೆ ಕೃತಜ್ಞತೆ, ಬಲಕ್ಕೆ ಅರಿಕೆ. ಎಡಗಡೆ ‘ಆರೋಗ್ಯಕ್ಕಾಗಿ’ ಎಂದು ಬರೆದರೆ ನಾಲ್ಕು ದಿನದಲ್ಲಿ ಅದು ಬರೀ ಮಾತಾಗುತ್ತದೆ. ‘ಮಧ್ಯಾಹ್ನ ಅನ್ನ ಸೇರಿತು’, ‘ಮೊಮ್ಮಗಳು ಕಾಲೊತ್ತಿದಳು’ ಎಂದು ನಡೆದದ್ದನ್ನೇ ಬರೆಯಿರಿ. ಬಲಗಡೆ ನೋವು, ಸಿಟ್ಟು, ಭಯವನ್ನು ಮುಚ್ಚಿಡದೆ ದೇವರಿಗೆ ಹೇಳಿ. ನಮ್ಮ ದಾಸರೂ ಶರಣರೂ ದೇವರನ್ನು ಜಗಳವಾಡಿಯೇ ಕರೆದವರು. ಈ ಬಲಗಡೆಯ ಸಾಲಿನಿಂದ ಇನ್ನೊಂದು ಉಪಯೋಗವಿದೆ: ತುರಿಕೆ, ನಿದ್ದೆಗೇಡು, ಉಬ್ಬಸ ಮತ್ತೆ ಮತ್ತೆ ಕಂಡರೆ ಆ ಪುಟವನ್ನೇ ವೈದ್ಯರ ಮುಂದಿಡಬಹುದು. ಮಲಗಿದರೆ ಉಸಿರು ಕಟ್ಟುವಂತಾದರೆ ಮಾತ್ರ ಬರೆಯುತ್ತ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಎರಡು ದಿನ ಬಿಡುವು ಬರುವ ವಾರಾಂತ್ಯದಲ್ಲಿ ಮೈ ಭಾರವಾಗಿ, ಏನೂ ಬೇಡವೆನಿಸುತ್ತದೆ. ಆಗ ಒಂದು ನಾಮಸ್ಮರಣೆ ಸಾಕು. ಎರಡು ವಾರವಾದರೂ ಎಡಗಡೆ ಬರೆಯಲು ಏನೂ ಹೊಳೆಯದಿದ್ದರೆ, ಬದುಕೇ ಸಾಕೆನಿಸಿದರೆ, ಅದನ್ನು ಭಕ್ತಿ ಕಡಿಮೆಯಾಯಿತೆಂದು ತಿಳಿಯಬೇಡಿ. ಖಿನ್ನತೆ ಡಯಾಲಿಸಿಸ್‌ನವರಲ್ಲಿ ಅಪರೂಪವಲ್ಲ, ಅದಕ್ಕೆ ಚಿಕಿತ್ಸೆಯಿದೆ. ವೈದ್ಯರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ.