ದಮ್ಮು: ಹೃದಯದ್ದೋ, ಶ್ವಾಸಕೋಶದ್ದೋ?

ಮಂಡ್ಯ ಕಡೆ ಸಿಒಪಿಡಿ (ಗಾಳಿಕೊಳವೆಗಳು ಕಾಯಂ ಕಿರಿದಾಗುವ ಶ್ವಾಸಕೋಶದ ಕಾಯಿಲೆ) ಬರೀ ಬೀಡಿಯವರ ಕಾಯಿಲೆಯಲ್ಲ. ಸೌದೆ ಒಲೆ ಊದಿದ ಹೆಂಗಸರು, ಆಲೆಮನೆಯ ಕೊಪ್ಪರಿಗೆ ಕೆಳಗೆ ಕಬ್ಬಿನ ಸಿಪ್ಪೆ ಉರಿಸಿದವರೂ ಇದ್ದಾರೆ. ಅವರಲ್ಲಿ ಕೆಲವರಿಗೆ ಹೃದಯದ ಪಂಪಿಂಗೂ ಇಳಿದಿರುತ್ತದೆ. ಎಲ್ಲರದೂ ಒಂದೇ ಮಾತು: "ಉಸ್ರು ಕಟ್ತದೆ ಸಾ."

ಕಾಲು ಊದಿಕೊಂಡು ಬಂದವರಿಗೆ ನಾನು ಆಗಲೇ ಸ್ಪೈರೋಮೆಟ್ರಿ (ಕೊಳವೆಗೆ ಊದಿಸಿ ಉಸಿರು ಅಳೆಯುವ ಪರೀಕ್ಷೆ) ಮಾಡಿಸುವುದಿಲ್ಲ. ಶ್ವಾಸಕೋಶದಲ್ಲಿ ನೀರಿದ್ದಾಗ ಗಾಳಿಕೊಳವೆಗಳ ಗೋಡೆಯೂ ಊದಿ, ಇಲ್ಲದ ಸಿಒಪಿಡಿ ಕಂಡುಬಿಡುತ್ತದೆ. ಮೂತ್ರ ಹೆಚ್ಚಿಸುವ ಫ್ರೂಸೆಮೈಡ್‌ನಿಂದ ನೀರು ಇಳಿದು, ತೂಕ ನಿಂತು, ಸಾಧ್ಯವಾದರೆ ಮೂರು ತಿಂಗಳು ಕಳೆದ ಮೇಲೆ ಊದಿಸುತ್ತೇನೆ. ಗಾಳಿಕೊಳವೆ ಹಿಗ್ಗಿಸುವ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ, ಅಂದರೆ ನಾಲ್ಕು ಪಫ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೊಮ್ಮೆ. ಆಗಲೂ ಎಫ್‌ಇವಿ1/ಎಫ್‌ವಿಸಿ (ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು) 0.70ಕ್ಕಿಂತ ಕಡಿಮೆ ಬಂದರೇ ಚೀಟಿಯಲ್ಲಿ ಸಿಒಪಿಡಿ ಎಂದು ಬರೆಯುವುದು. ಎಕ್ಸ್‌ರೇಯಲ್ಲಿ ಹೃದಯ ಸಣ್ಣಗಿದೆ ಎಂದು ಸಮಾಧಾನ ಪಡಬಾರದು. ಗಾಳಿ ತುಂಬಿ ಉಬ್ಬಿದ ಶ್ವಾಸಕೋಶದ ನಡುವೆ ದೊಡ್ಡ ಹೃದಯವೂ ಸಣ್ಣಗೇ ಕಾಣುತ್ತದೆ. ಅದೇ ಗಾಳಿಯಿಂದ ಪಕ್ಕೆಲುಬಿನ ಸಂದಿಯಲ್ಲಿ ಎಕೋ (ಹೃದಯದ ಸ್ಕ್ಯಾನ್) ಚಿತ್ರ ಮಸುಕಾದರೆ ಎದೆಮೂಳೆಯ ಕೆಳಗಿನಿಂದ ನೋಡಿಸುತ್ತೇನೆ.

ಹೆಚ್ಚು ಎಡವಟ್ಟಾಗುವುದು ಹೃದಯದ ಬಡಿತ ತಗ್ಗಿಸುವ ಮಾತ್ರೆಯಾದ ಬೀಟಾ ಬ್ಲಾಕರ್‌ನಲ್ಲಿ. "ದಮ್ಮಿನವರಿಗೆ ಇದು ಆಗದು" ಎಂದು ಯಾರೋ ನಿಲ್ಲಿಸಿರುತ್ತಾರೆ. ಆ ಭಯ ಅಸ್ತಮಾಕ್ಕೆ ಸಲ್ಲುತ್ತದೆ, ಸಿಒಪಿಡಿಗಲ್ಲ. ಪಂಪಿಂಗ್ ಇಳಿದವರಿಗೆ ಬೈಸೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ 1.25 ಮಿಲಿಗ್ರಾಂನಿಂದ ಶುರು. ಎರಡೆರಡು ವಾರಕ್ಕೆ ನಾಡಿ, ಬಿಪಿ ನೋಡಿ, ಬೆನ್ನಿಗೆ ಸ್ಟೆತ್ ಇಟ್ಟು ಸುಯ್ ಸದ್ದು ಕೇಳಿ, ಮೇಲೇರಿಸುವುದು, 10ರವರೆಗೆ ಅಥವಾ ಮೈ ತಾಳುವಷ್ಟು. ನೀರು ತುಂಬಿದ ದಿನ ಮಾತ್ರ ಹೊಸದಾಗಿ ಶುರು ಮಾಡುವುದಿಲ್ಲ. ಕಾರ್ವೆಡಿಲಾಲ್ ಎಂಬ ಇನ್ನೊಂದು ಬೀಟಾ ಬ್ಲಾಕರ್ ಗಾಳಿಕೊಳವೆಯ ಮೇಲೂ ಕೆಲಸ ಮಾಡುವುದರಿಂದ, ಸುಯ್ ಸದ್ದು ಬಂದರೆ ಅದನ್ನು ಬದಲಿಸುತ್ತೇನೆ.

ಇನ್ಹೇಲರ್ ಡೋಸ್ ಏರಿಸುವ ಮುಂಚೆ ನನ್ನೆದುರೇ ಅದನ್ನು ಎಳೆಸುತ್ತೇನೆ. ಸ್ಪೇಸರ್ (ಇನ್ಹೇಲರ್‌ಗೆ ಸಿಕ್ಕಿಸುವ ಡಬ್ಬಿ) ಇದ್ದರೆ ನಿಧಾನಕ್ಕೆ, ಪುಡಿ ಕ್ಯಾಪ್ಸೂಲಿನದಾದರೆ ಜೋರಾಗಿ ಎಳೆಯಬೇಕು. ಮುಕ್ಕಾಲು ಮಂದಿ ಉಲ್ಟಾ ಮಾಡುತ್ತಾರೆ. ಕ್ಯಾಪ್ಸೂಲನ್ನೇ ನುಂಗುತ್ತಿದ್ದವರೂ ಉಂಟು! ಎಳೆದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು.

ದಮ್ಮು ಏಕಾಏಕಿ ಹೆಚ್ಚಾದಾಗ ರಕ್ತದ ಆಕ್ಸಿಜನ್ ಮಟ್ಟ ಶೇ. 88ರಿಂದ 92 ಸಾಕು. 99ಕ್ಕೆ ಏರಿಸಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಹತ್ತುತ್ತದೆ. ಗಂಟೆಗೊಮ್ಮೆ ನೆಬುಲೈಸರ್‌ನಲ್ಲಿ (ಔಷಧಿಯನ್ನು ಮಂಜಿನಂತೆ ಕೊಡುವ ಯಂತ್ರ) ಕೊಡುವ ಸಾಲ್ಬುಟಮಾಲ್ ಜೊತೆಗೆ ಫ್ರೂಸೆಮೈಡ್ ಸೇರಿದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಾಳ ತಪ್ಪುತ್ತದೆ, ಹಾಗಾಗಿ ರಕ್ತ ಪರೀಕ್ಷೆ ಬಿಡುವಂತಿಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ಐದೇ ದಿನ, ಏಕೆಂದರೆ ಅದು ಉಪ್ಪು, ನೀರು ಹಿಡಿದಿಡುತ್ತದೆ. ಆ ಐದು ದಿನ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯಲು ಹೇಳುತ್ತೇನೆ. ಮೂರು ದಿನದಲ್ಲಿ 2 ಕಿಲೋ ಏರಿದರೆ, ಪಫ್ ಹೆಚ್ಚಿಸದೆ ನೇರ ಬರಬೇಕು.