ಕೆನಡಾದ ಪಿಆರ್ ಅರ್ಜಿಗೆ ನಾನು ವಕೀಲರನ್ನು ಹಿಡಿದ ಬಗೆ

ಕೆನಡಾದ ಕಾಯಂ ನಿವಾಸಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ಪಿಆರ್‌ಗೆ, ಅರ್ಜಿ ಹಾಕಲು ವಕೀಲರು ಇರಲೇಬೇಕು ಎಂಬ ನಿಯಮ ಇಲ್ಲ. ಫಾರ್ಮ್‌ಗಳು ಪುಕ್ಕಟೆ ಸಿಗುತ್ತವೆ. ಅಂಕಗಳ ಮೇಲೆ ಜನರನ್ನು ಆರಿಸಿ ಅರ್ಜಿ ಹಾಕಲು ಆಹ್ವಾನಿಸುವ ಆನ್‌ಲೈನ್ ವ್ಯವಸ್ಥೆ ಎಕ್ಸ್‌ಪ್ರೆಸ್ ಎಂಟ್ರಿ, ಅದರ ಖಾತೆಯನ್ನು ಮನೆಯಲ್ಲೇ ಕುಳಿತು ತೆರೆಯಬಹುದು. ವಕೀಲರ ಮೂಲಕ ಬಂತೆಂದು ಅಲ್ಲಿನ ವಲಸೆ ಇಲಾಖೆ ಯಾರ ಅರ್ಜಿಯನ್ನೂ ಬೇಗ ಕೈಗೆತ್ತಿಕೊಳ್ಳುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ದುಡ್ಡು ಕೊಟ್ಟು ವಕೀಲರನ್ನು ಹಿಡಿದೆ. ನನ್ನ ಕಡತದಲ್ಲಿ ಮೂರು ತೊಡಕುಗಳಿದ್ದವು. ಮೊದಲು ಕೆಲಸ ಮಾಡಿದ ಪೀಣ್ಯದ ಕಾರ್ಖಾನೆ ಮುಚ್ಚಿಹೋಗಿತ್ತು. ತಾಯಿಯ ಆರೈಕೆಗೆಂದು ಕೆಲಸ ಬಿಟ್ಟಿದ್ದ ತಿಂಗಳುಗಳಿಗೆ ಯಾವ ದಾಖಲೆಯೂ ಇರಲಿಲ್ಲ. ಇನ್ನು ನನ್ನ ಹೆಸರು ಅಂಕಪಟ್ಟಿಯಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆ. ಅರ್ಜಿ ತಿರಸ್ಕಾರವಾದ ಮೇಲೆ ವಕೀಲರ ಬಳಿಗೆ ಓಡುವುದು ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಹಾಗಾಗಿ ಮೊದಲೇ ಹೋದೆ.

ಬೆಂಗಳೂರಿನಲ್ಲಿ ವಲಸೆ ಸಲಹೆಯ ಕಚೇರಿಗಳಿಗೆ ಬರವಿಲ್ಲ. ಅಂಥ ಒಂದು ಕಚೇರಿಯಲ್ಲಿ ಕಾರ್ಖಾನೆ ಮುಚ್ಚಿದ ಸಂಗತಿ ಹೇಳಿದಾಗ ಎದುರಿಗಿದ್ದ ಹುಡುಗ, "ಅದಕ್ಕೆ ಯೋಚನೆ ಬೇಡ ಸರ್, ಅನುಭವ ಪತ್ರವನ್ನು ನಾವೇ ಮಾಡಿಸಿಕೊಡುತ್ತೇವೆ" ಎಂದ. ನಾನು ಅಲ್ಲಿಂದಲೇ ಎದ್ದು ಬಂದೆ. ಕೆನಡಾದ ವಲಸೆ ಕಾಯ್ದೆಯ 40ನೇ ಕಲಮಿನ ಪ್ರಕಾರ ಸುಳ್ಳು ಮಾಹಿತಿ ಕೊಟ್ಟವರಿಗೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಪತ್ರ ಮಾಡಿಸಿದ್ದು ಏಜೆಂಟ್ ಎಂದು ಹೇಳಿ ಪಾರಾಗಲು ಆಗುವುದಿಲ್ಲ, ಅರ್ಜಿಯಲ್ಲಿರುವ ಪ್ರತಿ ಅಕ್ಷರಕ್ಕೂ ಅರ್ಜಿದಾರನೇ ಹೊಣೆ. ಆ ಹುಡುಗನಿಗೆ ಅದು ದಿನದ ವ್ಯಾಪಾರ, ನನಗೆ ಅದು ಇಡೀ ಸಂಸಾರದ ಭವಿಷ್ಯ. ಇಂಥ ಮಾತಿಗೆ ತಲೆಯಾಡಿಸಿ ಸಾಲ ಮಾಡಿ ಹಣ ಕಟ್ಟುವವರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಣ ಪಡೆದು ಸಲಹೆ ಕೊಡುವ, ಪ್ರತಿನಿಧಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಅದೇ ಕಾಯ್ದೆಯ 91ನೇ ಕಲಮು ಹೇಳುತ್ತದೆ. ಕೆನಡಾದ ಯಾವುದಾದರೂ ಪ್ರಾಂತ್ಯದ ಲಾ ಸೊಸೈಟಿಯ (ವಕೀಲರನ್ನು ನಿಯಂತ್ರಿಸುವ ಸಂಸ್ಥೆ) ಸದಸ್ಯರಾದ ವಕೀಲರು, ಆ ಸಂಸ್ಥೆಗಳಡಿಯ ಪ್ಯಾರಾಲೀಗಲ್‌ಗಳು (ವಕೀಲರಲ್ಲದಿದ್ದರೂ ಸೀಮಿತ ಕಾನೂನು ಕೆಲಸಕ್ಕೆ ಪರವಾನಗಿ ಇರುವವರು), ಕ್ವಿಬೆಕ್‌ನ ನೋಟರಿಗಳು, ಮತ್ತು ವಲಸೆ ಹಾಗೂ ಪೌರತ್ವ ಸಲಹೆಗಾರರ ಕಾಲೇಜಿನ ಪರವಾನಗಿ ಇರುವವರು, ಇಷ್ಟೇ. ಈ ಕಾಲೇಜು ಪಾಠ ಹೇಳುವ ಜಾಗವಲ್ಲ, ಸಲಹೆಗಾರರನ್ನು ನಿಯಂತ್ರಿಸುವ ಸಂಸ್ಥೆ; ಅದು 2021ರ ನವೆಂಬರ್‌ನಲ್ಲಿ ಹಳೆಯ ನಿಯಂತ್ರಣ ಮಂಡಳಿಯ ಜಾಗಕ್ಕೆ ಬಂತು. ವಿದ್ಯಾರ್ಥಿ ವೀಸಾಕ್ಕೆ ಮಾತ್ರ ಸಲಹೆ ಕೊಡಬಹುದಾದ ಬೇರೊಂದು ಪರವಾನಗಿಯೂ ಅಲ್ಲಿದೆ. ಅದನ್ನು ಇಟ್ಟುಕೊಂಡವರು ಪಿಆರ್ ಕೆಲಸ ಮಾಡುವಂತಿಲ್ಲ.

ನಮ್ಮ ಮನೆಯ ಜಮೀನು ವ್ಯಾಜ್ಯ ನೋಡಿಕೊಳ್ಳುವ ಹೈಕೋರ್ಟ್ ವಕೀಲರನ್ನೂ ಕೇಳಿದೆ. "ಅಫಿಡವಿಟ್ ಬರೆದುಕೊಡುತ್ತೇನಪ್ಪ. ಆದರೆ ಆ ಇಲಾಖೆಯ ಮುಂದೆ ನಿನ್ನ ಪರವಾಗಿ ನಿಲ್ಲುವ ಅಧಿಕಾರ ನನಗಿಲ್ಲ" ಎಂದರು. ಎಷ್ಟು ನೇರವಾದ ಮಾತು! ಗಾಜಿನ ಬಾಗಿಲಿನ ಕಚೇರಿಗಳಲ್ಲಿ ಕೇಳದೇ ಹೋದ ಮಾತು ಇದೇ.

ಕೊನೆಗೆ ಒಂಟಾರಿಯೊದ ವಕೀಲೆಯೊಬ್ಬರ ಹೆಸರು ಸ್ನೇಹಿತರಿಂದ ಸಿಕ್ಕಿತು. ಹೆಸರು ಸಿಕ್ಕ ಕೂಡಲೇ ಹಣ ಕಳಿಸಲಿಲ್ಲ. ಅಲ್ಲಿನ ಲಾ ಸೊಸೈಟಿಯ ಸಾರ್ವಜನಿಕ ಪಟ್ಟಿಯಲ್ಲಿ ಅವರ ಹೆಸರು, ವೃತ್ತಿ ನಡೆಸಲು ಅನುಮತಿ ಇದೆಯೇ, ಶಿಸ್ತುಕ್ರಮವೇನಾದರೂ ಆಗಿದೆಯೇ ಎಂದು ನೋಡಿದೆ. ಆ ಪಟ್ಟಿಯಲ್ಲಿದ್ದ ಕಚೇರಿ ದೂರವಾಣಿಗೇ ಕರೆ ಮಾಡಿ ಮಾತನಾಡಿದೆ. ಸಲಹೆಗಾರರ ಕಾಲೇಜಿನಲ್ಲೂ ಇಂಥದೇ ಪಟ್ಟಿ ಇದೆ. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ತೋರಿಸಿ "ನಮ್ಮ ಕೆನಡಾ ಕಚೇರಿಯಲ್ಲಿ ಪರವಾನಗಿ ಇರುವವರಿದ್ದಾರೆ" ಎನ್ನುವವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಪ್ರತಿನಿಧಿಯ ನೇಮಕದ ಐಎಂಎಂ 5476 ಫಾರ್ಮಿನಲ್ಲಿ ಸಹಿ ಹಾಕುವವರು ಅವರೇ ತಾನೇ? ನಿಮ್ಮ ಹೆಸರಿನಲ್ಲೇ ಖಾತೆ ತೆರೆದು, ತಾವು ಎಲ್ಲೂ ಕಾಣಿಸಿಕೊಳ್ಳದೆ, ಹಿಂದಿನಿಂದ ಎಲ್ಲವನ್ನೂ ತುಂಬುತ್ತೇವೆ ಎಂದರೆ ಅಲ್ಲಿಗೆ ಮಾತು ನಿಲ್ಲಿಸಬೇಕು.

ವಕೀಲೆ ಲಿಖಿತ ಒಪ್ಪಂದ ಕಳಿಸಿದರು. ಯಾವ ಹಂತದಲ್ಲಿ ಯಾವ ಕೆಲಸ, ಅದಕ್ಕೆ ಎಷ್ಟು ಶುಲ್ಕ, ನಡುವೆ ಬಿಟ್ಟರೆ ಎಷ್ಟು ವಾಪಸ್ ಎಂದೆಲ್ಲ ಅದರಲ್ಲಿತ್ತು. ಸರ್ಕಾರಕ್ಕೆ ಕಟ್ಟುವ ಹಣವನ್ನು ಬೇರೆಯಾಗಿಯೇ ತೋರಿಸಿದ್ದರು. 2024ರ ಏಪ್ರಿಲ್ 30ರಂದು ಜಾರಿಗೆ ಬಂದ ದರದಂತೆ ಅದು ಆಗ ಮುಖ್ಯ ಅರ್ಜಿದಾರನಿಗೆ 1,525 ಕೆನಡಿಯನ್ ಡಾಲರ್ ಆಗಿತ್ತು. ಪಿಆರ್ ಸಿಕ್ಕೇ ಸಿಗುತ್ತದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಅದರಿಂದಲೇ ನನಗೆ ನಂಬಿಕೆ ಬಂತು.

ಈಗ ಪೀಣ್ಯದ ವಿಷಯ. ಎಕ್ಸ್‌ಪ್ರೆಸ್ ಎಂಟ್ರಿಯ ಅಂಕಪದ್ಧತಿಯಲ್ಲಿ ಮೂರು ವರ್ಷ ತುಂಬಿದ ವಿದೇಶಿ ಅನುಭವಕ್ಕೆ ಹೆಚ್ಚು ಅಂಕ. ನನ್ನ ಈಗಿನ ಕೆಲಸ ಅಷ್ಟು ಹಳೆಯದಲ್ಲ, ಪೀಣ್ಯದ ವರ್ಷಗಳೂ ಸೇರಬೇಕಿತ್ತು. ಆದರೆ ಇಲಾಖೆ ಕೇಳುವ ಅನುಭವ ಪತ್ರ ನಮ್ಮಲ್ಲಿ ಕೊಡುವ ರಿಲೀವಿಂಗ್ ಪತ್ರದಂಥದ್ದಲ್ಲ. ಲೆಟರ್‌ಹೆಡ್ ಮೇಲೆ ಹುದ್ದೆ, ಮಾಡಿದ ಕೆಲಸಗಳ ವಿವರ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಎಲ್ಲವೂ ಇರಬೇಕು. ಮುಚ್ಚಿದ ಕಾರ್ಖಾನೆಯಿಂದ ಅದನ್ನು ತರುವುದು ಹೇಗೆ?

ಹಳೆಯ ಯಜಮಾನರನ್ನು ದಾಸರಹಳ್ಳಿಯ ಅವರ ಮನೆಯಲ್ಲಿ ಕಂಡೆ. ಸಂಗತಿ ಕೇಳಿ ಅವರು ಅಟ್ಟದಿಂದ ಒಂದು ಕಟ್ಟು ಇಳಿಸಿದರು. ಅಂಚು ಹಳದಿಯಾದ ಖಾಲಿ ಲೆಟರ್‌ಹೆಡ್‌ಗಳು, ಜೊತೆಗೆ ರಬ್ಬರ್ ಮೊಹರು. "ಏನು ಬೇಕೋ ಬರೆಸಿಕೊಂಡು ಬಾ. ಕಂಪನಿ ಇದ್ದಾಗಿನ ಒಂದು ದಿನಾಂಕ ಹಾಕಿ ಸಹಿ ಮಾಡುತ್ತೇನೆ" ಎಂದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ, ನನಗೆ ಒಳ್ಳೆಯದಾಗಲಿ ಎಂಬುದಷ್ಟೇ. ಆದರೂ ಆ ಸಂಜೆ ವಕೀಲೆಗೆ ಕರೆ ಮಾಡಿದೆ. "ಹಿಂದಿನ ದಿನಾಂಕ ಬೇಡವೇ ಬೇಡ. ಅವರು ಈಗ ಏನಾಗಿದ್ದಾರೋ ಹಾಗೆಯೇ, ಇವತ್ತಿನ ದಿನಾಂಕ ಹಾಕಿ ಬರೆದುಕೊಡಲಿ. ಕಂಪನಿ ಮುಚ್ಚಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಲಿ" ಎಂದರು. ನಾನು ಕೊಟ್ಟ ಶುಲ್ಕ ಆ ಒಂದು ಮಾತಿಗೇ ಸಂದಿತು ಎಂದುಕೊಂಡಿದ್ದೇನೆ.

ಯಜಮಾನರು ಇ-ಸ್ಟ್ಯಾಂಪ್ ಕಾಗದದ ಮೇಲೆ ನೋಟರಿಯ ಮುಂದೆ ಅಫಿಡವಿಟ್ ಮಾಡಿಕೊಟ್ಟರು. ನಾನು ಯಂತ್ರದ ಕೆಲಸದಲ್ಲಿ ಬಿಡಿಭಾಗವನ್ನು ಹಿಡಿದಿಡುವ ಜಿಗ್, ಫಿಕ್ಸ್ಚರ್‌ಗಳ ವಿನ್ಯಾಸ ಮಾಡುತ್ತಿದ್ದದ್ದು, ನಕ್ಷೆಗಳನ್ನು ಪರಿಶೀಲಿಸುತ್ತಿದ್ದದ್ದು, ಸಿಎನ್‌ಸಿ ಯಂತ್ರದವರೊಂದಿಗೆ ಕೂತು ಅಳತೆ ಸರಿಮಾಡುತ್ತಿದ್ದದ್ದು, ಎಲ್ಲವನ್ನೂ ಅವರ ಮಾತಿನಲ್ಲೇ ಬರೆಸಿದೆವು. ಕೆನಡಾದ ಉದ್ಯೋಗ ವರ್ಗೀಕರಣದಲ್ಲಿರುವ ವಾಕ್ಯಗಳನ್ನು ಹಾಗೆಯೇ ನಕಲು ಮಾಡಿದರೆ ಓದುವ ಅಧಿಕಾರಿಗೆ ಅನುಮಾನ ಬರುತ್ತದೆ ಎಂದು ವಕೀಲೆ ಎಚ್ಚರಿಸಿದ್ದರು. ಅದರ ಬೆನ್ನಿಗೆ ನೇಮಕಾತಿ ಪತ್ರ, ಫಾರ್ಮ್ 16, ಆದಾಯ ತೆರಿಗೆಯ 26ಎಎಸ್, ಪಿಎಫ್ ಪಾಸ್‌ಬುಕ್, ಸಂಬಳ ಜಮೆಯಾದ ಬ್ಯಾಂಕ್ ಪುಟಗಳನ್ನು ಇಟ್ಟೆ. ಪಿಎಫ್ ಪಾಸ್‌ಬುಕ್ ತಿಂಗಳು ತಿಂಗಳೂ ಕಂಪನಿಯ ಹೆಸರಿನಲ್ಲಿ ಕಟ್ಟಿದ ಹಣ ತೋರಿಸುತ್ತದೆ. ಅದು ಸರ್ಕಾರಿ ದಾಖಲೆ, ಯಾರೂ ಮನೆಯಲ್ಲಿ ಕೂತು ಟೈಪ್ ಮಾಡಿದ್ದಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಿಂದ, ಕಂಪನಿಯ ಹೆಸರು ನೋಂದಣಿಯಿಂದ ತೆಗೆದುಹಾಕಲ್ಪಟ್ಟಿದೆ ಎಂದು ತೋರಿಸುವ ಪುಟವನ್ನೂ ಸೇರಿಸಿದೆ. ಇವೆಲ್ಲದರ ಮೇಲೆ ವಿವರಣೆಯ ಒಂದೇ ಪುಟದ ಪತ್ರ.

ಖಾಲಿ ತಿಂಗಳುಗಳ ವಿಷಯ ಸುಲಭವಾಗಿ ಮುಗಿಯಿತು. ಹತ್ತು ವರ್ಷದ ವೈಯಕ್ತಿಕ ಇತಿಹಾಸದಲ್ಲಿ ಒಂದು ತಿಂಗಳೂ ಬಿಟ್ಟುಹೋಗಬಾರದು. ಕೆಲಸವಿಲ್ಲದಿದ್ದರೆ ಕೆಲಸವಿರಲಿಲ್ಲ ಎಂದೇ ಬರೆಯಬೇಕು. ಹಾಗೆಯೇ ಬರೆದೆ. ತಾಯಿಯನ್ನು ನೋಡಿಕೊಂಡದ್ದನ್ನು ಮುಚ್ಚಿಡುವ ಅಗತ್ಯ ನನಗೇನೂ ಕಾಣಲಿಲ್ಲ.

ಹೆಸರಿನ ತೊಡಕು ನಮ್ಮ ಕಡೆಯ ಬಹುತೇಕರದ್ದು. ಅಂಕಪಟ್ಟಿಯಲ್ಲಿ ಊರು ಮತ್ತು ತಂದೆಯ ಇನಿಷಿಯಲ್‌ಗಳು, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು ಉಪನಾಮದ ಜಾಗದಲ್ಲಿ. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆದು, ಉಳಿದ ರೂಪಗಳನ್ನು ಬೇರೆ ಹೆಸರುಗಳ ಪ್ರಶ್ನೆಯಡಿ ಕಾಣಿಸಿದೆವು. ಆ ಎಲ್ಲ ಹೆಸರುಗಳೂ ಒಬ್ಬನವೇ ಎಂಬ ಅಫಿಡವಿಟ್ಟನ್ನು ನಮ್ಮ ಹೈಕೋರ್ಟ್ ವಕೀಲರೇ ಮಾಡಿಕೊಟ್ಟರು. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಅಂಥವರ ಹೆಸರು ಪೂರ್ತಿಯಾಗಿ ಕುಟುಂಬನಾಮದ ಕಾಲಂನಲ್ಲೇ ಬರಬೇಕು, ಇನ್ನೊಂದು ಕಾಲಂ ಖಾಲಿ ಬಿಡಬೇಕು.

ಇಷ್ಟನ್ನೂ ನಾವು ಆಹ್ವಾನ ಬರುವ ಮೊದಲೇ ಜೋಡಿಸಿಟ್ಟಿದ್ದೆವು. ಆಹ್ವಾನ ಬಂದ ಮೇಲೆ ಪೂರ್ತಿ ಅರ್ಜಿ ಸಲ್ಲಿಸಲು ಸಿಗುವುದು 60 ದಿನ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಪೊಲೀಸ್ ಕ್ಲಿಯರೆನ್ಸ್, ಇಲಾಖೆ ಗೊತ್ತುಮಾಡಿದ ವೈದ್ಯರ ತಪಾಸಣೆ, ಬ್ಯಾಂಕಿನ ಪತ್ರ ಇವಕ್ಕೇ ಆ ದಿನಗಳು ಬೇಕು. ಅಫಿಡವಿಟ್‌ಗೆ ದಾಸರಹಳ್ಳಿಗೂ ನೋಟರಿಯ ಹತ್ತಿರಕ್ಕೂ ಓಡಾಡುವ ಪುರುಸೊತ್ತು ಆಗ ಇರುವುದಿಲ್ಲ.

ಪಿಆರ್ ದೃಢೀಕರಣ ಬಂದ ದಿನ ಯಜಮಾನರಿಗೆ ಮೊದಲು ಫೋನ್ ಮಾಡಿದೆ. ಒಪ್ಪಂದದಲ್ಲಿದ್ದಂತೆ ವಕೀಲೆ ಸಲ್ಲಿಸಿದ ಅರ್ಜಿಯ ಪೂರ್ಣ ಪ್ರತಿಯನ್ನು, ಪ್ರತಿ ಫಾರ್ಮ್ ಮತ್ತು ಲಗತ್ತಿನೊಂದಿಗೆ, ನನಗೆ ಕಳಿಸಿದ್ದಾರೆ. ಮುಂದೆ ತಾಯಿಗೆ ವೀಸಾ ಕೇಳುವಾಗಲೂ, ಪೌರತ್ವಕ್ಕೆ ಅರ್ಜಿ ಹಾಕುವಾಗಲೂ, ಈಗ ಬರೆದ ದಿನಾಂಕಗಳೇ ತಾಳೆಯಾಗಬೇಕು. ಅದರ ಒಂದು ಪ್ರತಿ ನನ್ನ ಬಳಿ ಇದೆ, ಇನ್ನೊಂದನ್ನು ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೇನೆ.