ಪ್ರತಿ ಮಗುವಿಗೂ ಲ್ಯಾಪ್‌ಟಾಪ್: ಮೂರು ವರ್ಷ ದಾಟಿಸಿದ ಬಗೆ

ನಮ್ಮ ಶಾಲೆಯಲ್ಲಿ ಪ್ರತಿ ವಿದ್ಯಾರ್ಥಿಯ ಕೈಗೂ ಲ್ಯಾಪ್‌ಟಾಪ್ ಬಂದು ಮೂರು ವರ್ಷದ ಮೇಲಾಯಿತು. ಸುಮಾರು ಮುನ್ನೂರು ಯಂತ್ರ. ಅದರಲ್ಲಿ ಇನ್ನೂರ ಎಂಬತ್ತಕ್ಕೂ ಜಾಸ್ತಿ ಈಗಲೂ ದಿನಾ ಓಡುತ್ತಿವೆ. 'ಆರೇ ತಿಂಗಳು, ಆಮೇಲೆ ಎಲ್ಲಾ ಬೀರು ಸೇರುತ್ತವೆ' ಅಂದವರೇ ಈಗ ಬಂದು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.  

ಶುರುವಿನಲ್ಲಿ ಎಲ್ಲರೂ ಪೆರುವಿನ ಉದಾಹರಣೆ ಎತ್ತುತ್ತಿದ್ದರು. ಅಲ್ಲಿ 'ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್' (ಮಕ್ಕಳಿಗೆ ಅಗ್ಗದ ಲ್ಯಾಪ್‌ಟಾಪ್ ಕೊಡುವ ಯೋಜನೆ) ಯಂತ್ರಗಳನ್ನು ಹಳ್ಳಿ ಶಾಲೆಗಳಿಗೆ ಹಂಚಿದ್ದರು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಏರಿದ್ದು ಕಾಣಲಿಲ್ಲ ಎಂದು 2012ರಲ್ಲಿ ಬಂದ ಅಧ್ಯಯನ ಹೇಳಿತು. ಸರಿ, ಆದರೆ ಅದೇ ವರದಿಯನ್ನು ಪೂರ್ತಿ ಓದಿ. ಹೆಚ್ಚಿನ ಶಾಲೆಗಳಲ್ಲಿ ಇಂಟರ್‌ನೆಟ್ ಇರಲಿಲ್ಲ. ತರಗತಿಯ ಪಾಠಕ್ಕೂ ಯಂತ್ರಕ್ಕೂ ಸಂಬಂಧವೇ ಬೆಳೆಯಲಿಲ್ಲ. ಆದರೆ ಉರುಗ್ವೆ 2007ರಲ್ಲಿ ಸೆಯ್ಬಾಲ್ ಎಂಬ ಇಂಥದ್ದೇ ಲ್ಯಾಪ್‌ಟಾಪ್ ಯೋಜನೆ ಶುರು ಮಾಡಿದಾಗ ಯಂತ್ರದ ಜೊತೆಗೇ ಶಾಲೆಗೆ ಇಂಟರ್‌ನೆಟ್ ಸಂಪರ್ಕವನ್ನೂ ಕೊಟ್ಟಿತು. ದುಡ್ಡೆಲ್ಲ ಯಂತ್ರಕ್ಕೇ ಸುರಿಯಬಾರದು ಅನ್ನುವುದು ನನ್ನ ವಾದ. ಅದನ್ನು ಶಾಲೆಯ ಕಮಿಟಿಗೆ ಒಪ್ಪಿಸಲು ಒಂದು ವರ್ಷವೇ ಹಿಡಿಯಿತು.

ಮೊದಲು ಒಂದು ತರಗತಿಗೆ ಮಾತ್ರ ಅಗ್ಗದ ಹೊಸ ಲ್ಯಾಪ್‌ಟಾಪ್ ತಂದಿದ್ದರು. ನೋಡಲು ಚೆಂದ. ಒಳಗೆ 32 ಜಿಬಿ ಇಎಂಎಂಸಿ (ಡಿಸ್ಕ್ ಬದಲು ಇರುವ ಚಿಪ್), 4 ಜಿಬಿ ರ‍್ಯಾಮ್, ಎರಡೂ ಬೋರ್ಡಿಗೇ ಬೆಸುಗೆ. ವಿಂಡೋಸ್‌ನ ಒಂದು ದೊಡ್ಡ ಅಪ್‌ಡೇಟ್ ಬಂದರೆ ಡಿಸ್ಕ್ ತುಂಬಿ ಹೋಗುತ್ತಿತ್ತು. ಕೆಟ್ಟರೆ ಬಿಚ್ಚಿ ಬದಲಿಸಲು ಏನೂ ಇಲ್ಲ. ವಾರಂಟಿಗೆ ಹೋದವು ಪರೀಕ್ಷೆ ಮುಗಿದ ಮೇಲೆ ವಾಪಸ್ ಬಂದವು. ಆ ವರ್ಷದ ಬಜೆಟ್‌ನ ಹೆಚ್ಚುಕಡಿಮೆ ಕಾಲು ಭಾಗ ಅಲ್ಲೇ ಕರಗಿತು.

ಆಮೇಲೆ ಆಫೀಸುಗಳಲ್ಲಿ ಮೂರ್ನಾಲ್ಕು ವರ್ಷ ದುಡಿದು ಬಂದ ರಿಫರ್ಬಿಶ್ಡ್, ಅಂದರೆ ಸರಿಮಾಡಿ ಮತ್ತೆ ಮಾರುವ ಲ್ಯಾಪ್‌ಟಾಪ್‌ಗಳಿಗೆ ಹೋದೆವು. ಹೊಸದೊಂದರ ದುಡ್ಡಿಗೆ ಇಂಥವು ಎರಡು ಬರುತ್ತವೆ, ಚೌಕಾಸಿ ಮಾಡಿದರೆ ಮೂರು. ಎಲ್ಲವೂ ಒಂದೇ ಮಾಡೆಲ್ ಆಗಿರಬೇಕು ಎಂದು ನಾನು ಪಟ್ಟು ಹಿಡಿದೆ. ಮಾರುವವರು 'ಕಾನ್ಫಿಗರೇಶನ್ ಒಂದೇ ಸಾರ್' ಎಂದು ಬೆರಕೆ ಮಾಲು ತೋರಿಸುತ್ತಾರೆ. ಒಪ್ಪಬೇಡಿ. ಮಾಡೆಲ್ ಒಂದೇ ಆದರೆ ಒಂದರ ಬ್ಯಾಟರಿ, ಕೀಬೋರ್ಡ್, ಹಿಂಜ್ (ಸ್ಕ್ರೀನಿನ ಕೀಲು) ಇನ್ನೊಂದಕ್ಕೆ ಕೂರುತ್ತದೆ. ಅದೇ ಮಾಡೆಲ್‌ನ ಆನ್ ಆಗದ ಹತ್ತಿಪ್ಪತ್ತು ಯಂತ್ರಗಳನ್ನೂ ಗುಜರಿ ಬೆಲೆಗೆ ಕೊಂಡಿಟ್ಟೆ. ಆಗ ಕಮಿಟಿಯಲ್ಲಿ ನಕ್ಕಿದ್ದರು. ನಾವು ಇಲ್ಲಿವರೆಗೆ ಬದಲಿಸಿದ ಕೀಬೋರ್ಡ್, ಸ್ಕ್ರೀನ್‌ಗಳಲ್ಲಿ ಬಹುಪಾಲು ಬಂದದ್ದು ಆ ರಾಶಿಯಿಂದಲೇ. ಹಳೆ ಯಂತ್ರ ಆರಿಸುವಾಗ ನಾನು ಮೊದಲು ತಿರುಗಿಸಿ ನೋಡುವ ಜಾಗ ಒಂದಿದೆ. ಅದನ್ನು ಬರೆಯುವುದಿಲ್ಲ, ಮಾರುವವರೂ ಓದುತ್ತಾರೆ ಅಲ್ವಾ.

ಎಲ್ಲರೂ ಸ್ಕ್ರೀನ್ ಒಡೆಯುತ್ತದೆ ಎಂದು ಹೆದರುತ್ತಾರೆ. ನಮ್ಮಲ್ಲಿ ಅತಿ ಹೆಚ್ಚು ಕೆಟ್ಟದ್ದು ಚಾರ್ಜಿಂಗ್ ಜ್ಯಾಕ್, ಅಂದರೆ ಚಾರ್ಜರ್ ವಯರ್ ಚುಚ್ಚುವ ಜಾಗ. ವಯರ್ ಚುಚ್ಚಿದ ಹಾಗೇ ಮಗು ಎದ್ದು ಹೊರಡುತ್ತದೆ, ಪಿನ್ ವಾಲುತ್ತದೆ. ಆಮೇಲೆ ವಯರನ್ನು ಒಂದು ಕೋನಕ್ಕೆ ಒತ್ತಿ ಹಿಡಿದರೆ ಮಾತ್ರ ದೀಪ ಹೊತ್ತುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಈ ಜ್ಯಾಕ್ ಬೋರ್ಡಿಗೇ ಬೆಸೆದಿರುತ್ತದೆ, ಕೆಲವದರಲ್ಲಿ ಸಣ್ಣ ಕೇಬಲ್ಲಿನ ತುದಿಯಲ್ಲಿ ಬೇರೆಯಾಗಿ ಇರುತ್ತದೆ. ಎರಡನೆಯದನ್ನೇ ತೆಗೆದುಕೊಳ್ಳಿ. ಕೆಳಗಿನ ಮುಚ್ಚಳ ಬಿಚ್ಚಿ, ಹಳೆ ಕೇಬಲ್ ಎಳೆದು, ಹೊಸದು ಸಿಕ್ಕಿಸಿದರೆ ಆಯಿತು. ದೊಡ್ಡ ತರಗತಿಯ ಐದಾರು ಮಕ್ಕಳ ತಂಡಕ್ಕೆ ಇದನ್ನು ಕಲಿಸಿದ್ದೇನೆ. ಬ್ಯಾಟರಿ ಕನೆಕ್ಟರ್ ಮೊದಲು ತೆಗೆಯಬೇಕು, ಅದೊಂದು ನಿಯಮಕ್ಕೆ ವಿನಾಯಿತಿ ಇಲ್ಲ. ಈಗ ಒಂದು ಜ್ಯಾಕ್ ಬದಲಿಸಲು ಅವರಿಗೆ ಕಾಲು ಗಂಟೆ ಸಾಕು. ಹೊರಗೆ ಕೊಟ್ಟರೆ ಇದಕ್ಕೇ ಯಂತ್ರದ ಬೆಲೆಯ ಹತ್ತನೇ ಒಂದು ಭಾಗ ಹೋಗುತ್ತಿತ್ತು.

ಕರೆಂಟಿನ ಕಥೆ ಬೇರೆ. 65 ವ್ಯಾಟಿನ ನಲವತ್ತು ಚಾರ್ಜರ್ ಒಟ್ಟಿಗೆ ಹಾಕಿದರೆ ಎರಡೂವರೆ ಕಿಲೋವ್ಯಾಟ್ ದಾಟುತ್ತದೆ. ಒಂದು ಕೋಣೆಯ ವಯರಿಂಗ್ ಅದನ್ನು ತಡೆಯಲಿಲ್ಲ, ಟ್ರಿಪ್ ಆಗುತ್ತಲೇ ಇತ್ತು. ಈಗ ತರಗತಿಯಲ್ಲಿ ಚಾರ್ಜಿಂಗೇ ಇಲ್ಲ. ಟೈಮರ್ ಹಾಕಿ ಪಾಳಿಯ ಮೇಲೆ ಚಾರ್ಜ್ ಮಾಡುತ್ತೇವೆ, 80 ಶೇಕಡಾಕ್ಕೆ ನಿಲ್ಲಿಸುತ್ತೇವೆ. ಬ್ಯಾಟರಿಗಳು ಉಬ್ಬುವುದು ಅಲ್ಲಿಂದಾಚೆ ತುಂಬಾ ಕಡಿಮೆಯಾಯಿತು.

ವೈಫೈಗೆ ದುಬಾರಿ ಕನೆಕ್ಷನ್ ತೆಗೆದುಕೊಳ್ಳಿ ಅಂತ ಸಲಹೆ ಬಂತು. ತೆಗೆದುಕೊಂಡರೂ ನಲವತ್ತು ಮಕ್ಕಳು ಒಂದೇ ವಿಡಿಯೊ ಒತ್ತಿದರೆ ಎಲ್ಲರಿಗೂ ಚಕ್ರ ತಿರುಗುತ್ತಿತ್ತು. ಹಾಗಾಗಿ ಪಾಠವನ್ನೇ ಶಾಲೆಯೊಳಗೆ ತಂದೆವು. ಒಂದು ಹಳೆಯ ಡೆಸ್ಕ್‌ಟಾಪಿಗೆ ದೊಡ್ಡ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ, ಇಂಟರ್‌ನೆಟ್ ಇಲ್ಲದೆ ಪಾಠ ತೋರಿಸುವ ಕೊಲಿಬ್ರಿ ಮತ್ತು ವಿಕಿಪೀಡಿಯದಂಥವನ್ನು ಆಫ್‌ಲೈನ್ ಓದಿಸುವ ಕಿವಿಕ್ಸ್ ಕೂರಿಸಿದೆ. ಫೈಲ್ ಚಿಕ್ಕದಾಗಲಿ ಎಂದು ವಿಡಿಯೊ ಎಲ್ಲಾ 480ಪಿಗೆ ಇಳಿಸಿದೆ. ವೈಫೈ ಹರಡುವ ಪೆಟ್ಟಿಗೆಗಳ (ಆಕ್ಸೆಸ್ ಪಾಯಿಂಟ್) ಪವರ್ ತಗ್ಗಿಸಿ, ಆದಷ್ಟು ಯಂತ್ರಗಳನ್ನು ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡಿಗೆ ತಳ್ಳಿದೆ. 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಸಿಗುವುದೇ 1, 6, 11, ಮೂರೇ ಮೂರು. ಈಗ ಹೊರಗಿನ ಇಂಟರ್‌ನೆಟ್ ಹೋದರೂ ಪಾಠ ನಿಲ್ಲುವುದಿಲ್ಲ.

ಮಧ್ಯೆ ಪಾಠದ ಇದೇ ಸರ್ವರನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೂ ಓಡಿಸಿ ನೋಡಿದೆ. ಹದಿನೈದು ಮಕ್ಕಳವರೆಗೆ ಚೆನ್ನಾಗಿತ್ತು. ಆಮೇಲೆ ಎಸ್‌ಡಿ ಕಾರ್ಡ್ ಸತ್ತಿತು. ಲಿನಕ್ಸ್‌ನಲ್ಲಿ (ವಿಂಡೋಸ್ ಬದಲಿನ ಉಚಿತ ಸಿಸ್ಟಮ್) ಮೆಮೊರಿಯೊಳಗಿನದನ್ನು ಒತ್ತಿ ಚಿಕ್ಕದು ಮಾಡುವ ಝಡ್‌ರ‍್ಯಾಮ್ ಹಾಕಿದರೆ 4 ಜಿಬಿ ಯಂತ್ರವೂ ಹತ್ತು ಟ್ಯಾಬ್ ತಡೆಯುತ್ತದೆ, ಇದು ಮಾತ್ರ ಉಳಿದುಕೊಂಡ ಪ್ರಯೋಗ. ಕೆಟ್ಟ ಸಿಸ್ಟಮನ್ನು ಮೊದಲಿನ ಸ್ಥಿತಿಗೆ ತರಲು ಡಿಸ್ಕಿನ ನಕಲು ಇಟ್ಟು ವಾಪಸ್ ಹಾಕುವ ಕ್ಲೋನ್‌ಝಿಲ್ಲಾ ಬಳಸುತ್ತೇನೆ. ಮಕ್ಕಳ ಫೈಲ್ ಒಂದೂ ಹೋಗದ ಹಾಗೆ ಒಂದೇ ಕೀಲಿ ಒತ್ತಿ ಮುಗಿಸುವ ಸ್ಕ್ರಿಪ್ಟ್ ನನ್ನದೇ, ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ನನಗೆ ನಿಜವಾಗಿ ಹೆಮ್ಮೆ ಇರುವುದು ಪಾಠದ ಭಾಗದಲ್ಲಿ. ಶಿಕ್ಷಕರ ಹಳೆಯ ಟಿಪ್ಪಣಿಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿದ್ದವು, ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಅವನ್ನು ಪರಿವರ್ತಿಸಿ, ವಾರಕ್ಕೊಂದು ಫೋಲ್ಡರ್ ಮಾಡಿದೆವು: ಓದಲು ಒಂದಿಷ್ಟು, ನೋಡಲು ಒಂದು ಸಣ್ಣ ವಿಡಿಯೊ, ಮಾಡಲು ಒಂದು ಕೆಲಸ. ಇದಕ್ಕೆ ಶಿಕ್ಷಕರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಡಿಸಿದೆ. ಆ ಬಿಡುವೇ ಇಡೀ ಯೋಜನೆಯ ಅತ್ಯಂತ ಒಳ್ಳೆಯ ಖರ್ಚು.

ವಿಜ್ಞಾನದಲ್ಲಿ ಫೆಟ್ ಎಂಬ ಉಚಿತ ತಾಣದ ಸರ್ಕ್ಯೂಟ್ ಸಿಮ್ಯುಲೇಶನ್ (ಪರದೆಯ ಮೇಲೇ ಮಾಡುವ ಪ್ರಯೋಗ) ಬಳಸುತ್ತೇವೆ. ಎಚ್‌ಟಿಎಂಎಲ್ ಫೈಲಾಗಿ ಇಳಿಸಿಕೊಂಡರೆ ಇಂಟರ್‌ನೆಟ್ಟೇ ಬೇಡ. ಮಕ್ಕಳು ಮೊದಲು ಮಾಡುವುದೇ ಬ್ಯಾಟರಿಯ ಎರಡೂ ತುದಿಗೆ ಒಂದು ವಯರ್ ಜೋಡಿಸಿ ಬೆಂಕಿ ಬರಿಸುವುದು. ತಡೆಯಬೇಡಿ. ಅದಾದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿಸಿ, ನಿಜವಾದ ಬಲ್ಬು, ಸೆಲ್ಲು ಕೈಗೆ ಕೊಡುತ್ತೇವೆ. ಬಲ್ಬು ಯಾಕೆ ಹೊತ್ತಲಿಲ್ಲ ಅನ್ನುವುದನ್ನು ಆಗ ಅವರೇ ಹುಡುಕುತ್ತಾರೆ. ಗಣಿತದಲ್ಲಿ ಕೊಲಿಬ್ರಿ ಯಾವ ಮಗು ಯಾವ ಲೆಕ್ಕಕ್ಕೆ ಸಿಕ್ಕಿಬಿದ್ದಿದೆ ಎಂದು ತೋರಿಸುತ್ತದೆ. ಭಿನ್ನರಾಶಿಯಲ್ಲಿ ಅರ್ಧ ತರಗತಿ ಛೇದ ಸಮ ಮಾಡದೇ ಸುಮ್ನೆ ಕೂಡುತ್ತಿತ್ತು. ಅದು ಪರೀಕ್ಷೆಗೆ ಮೊದಲೇ ಗೊತ್ತಾಯಿತು, ಮರುದಿನವೇ ಬೋರ್ಡಿನ ಮೇಲೆ ಮತ್ತೆ ಹೇಳಿಕೊಟ್ಟರು. ಉದ್ದದ ಓದು ಮತ್ತು ಬರವಣಿಗೆ ಈಗಲೂ ಕಾಗದದ ಮೇಲೆಯೇ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ: ಒಟ್ಟು ಹಣದಲ್ಲಿ ಅರ್ಧ ಯಂತ್ರಕ್ಕೆ, ಕಾಲು ಭಾಗ ಬ್ಯಾಟರಿ, ಎಸ್‌ಎಸ್‌ಡಿ, ಬಿಡಿಭಾಗಕ್ಕೆ, ಉಳಿದದ್ದು ವೈಫೈ, ಸರ್ವರ್, ಪಾಠ ತಯಾರಿಗೆ. ಕಳೆದ ರಜೆಗೆ ಮೊದಲ ಸಲ ಯಂತ್ರಗಳನ್ನು ಮನೆಗೆ ಕಳಿಸಿದೆವು, ಒಳಗೆ ವಿಕಿಪೀಡಿಯದ ಆಫ್‌ಲೈನ್ ಪ್ರತಿ ತುಂಬಿ. ಎಲ್ಲವೂ ವಾಪಸ್ ಬಂದವು. ಒಂದು ಸ್ಕ್ರೀನ್ ಬಿರುಕು, ಏಳೆಂಟು ಜ್ಯಾಕ್ ಸಡಿಲ. ಮಕ್ಕಳ ತಂಡ ಆ ವಾರದಲ್ಲೇ ಸರಿ ಮಾಡಿ ಮುಗಿಸಿತು.